ಎಂಟು ಊರಿನ ಗಾಲ್ಫು, ಒಂದು ಸ್ಟೀಲ್ ತಟ್ಟೆ

ನಮ್ಮ ಹಾಸ್ಟೆಲಿನಲ್ಲಿ ಊರೇ ಹೆಸರು. ಒಂದೇ ಬ್ಯಾಚಿನಲ್ಲಿ ಮೂವರು ಮಂಜುನಾಥರು, ಇಬ್ಬರು ನಾಗರಾಜರು ಇದ್ದರೆ ಬೇರೆ ದಾರಿ ಇರಲಿಲ್ಲ. 1984ರಿಂದ 88ರವರೆಗೆ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿದ ಆ ನಾಲ್ಕು ವರ್ಷ ನಾನು ಕೊರಟಗೆರೆ. ಪಕ್ಕದ ಮಂಚದವನು ಮಧುಗಿರಿ. ಎದುರು ಕೋಣೆಯಲ್ಲಿ ಶಿರಾ, ತಿಪಟೂರು. ಆಚೆ ಜಿಲ್ಲೆಯಿಂದ ಬಂದವರು ಮಾಲೂರು, ಬಂಗಾರಪೇಟೆ, ಚಿಂತಾಮಣಿ, ಮತ್ತೆ ಚಿಕ್ಕಬಳ್ಳಾಪುರದವನು. ಅವನ ಊರು ಬಾಯಿಗೆ ಉದ್ದವಾಯಿತೆಂದು ಅವನು ಬರೀ ಬಳ್ಳಾಪುರ. ಇವತ್ತಿಗೂ ಹಾಗೇ ಕರೆಯುತ್ತೇವೆ. ಹೆಂಡತಿಯರೂ ಫೋನಿನಲ್ಲಿ ‘ಶಿರಾ ಅಣ್ಣ ಮಾತಾಡ್ತಿದಾರೆ’ ಎನ್ನುತ್ತಾರೆ.

ಈ ಎಂಟು ಜನ 2014ರಿಂದ ವರ್ಷಕ್ಕೊಮ್ಮೆ ನಂದಿ ಬೆಟ್ಟದ ತಪ್ಪಲಿಗೆ ಗಾಲ್ಫ್ ಆಡಲು ಸೇರುತ್ತೇವೆ. ಕೊರೊನಾದಿಂದಾಗಿ 2021 ಒಂದು ತಪ್ಪಿತು. ಉಳಿದಂತೆ 2025ರವರೆಗೆ 11 ಸಲ ಆಗಿದೆ. ಪ್ರತಿ ಸಲವೂ ಏರ್ಪಾಡು ನನ್ನದೇ. ಹಳೆಯ ಗೆಳೆಯರ ಗುಂಪು ಕಟ್ಟಿಕೊಂಡು ಹೀಗೆ ಹೋಗಬೇಕೆಂದು ಆಸೆಯಿರುವವರು ಆಗಾಗ ‘ಎಂಟೂ ಜನ ಹೇಗಪ್ಪಾ ಉಳ್ಕೊಂಡ್ರು?’ ಎಂದು ಕೇಳುತ್ತಾರೆ. ಮೈದಾನ, ಊಟ, ವಸತಿ ಇವೆಲ್ಲ ಹೇಗೋ ಆಗುತ್ತವೆ. ಎಂಟು ಜನರಲ್ಲಿ ಎಲ್ಲರಿಗಿಂತ ಕಷ್ಟಪಟ್ಟು ಆಡುವವನು ಯಾರೋ, ಅವನ ಹೊಡೆತಕ್ಕೂ ಬೆಲೆ ಬರುವ ಹಾಗೆ ಆಟವನ್ನು ಕಟ್ಟುವುದೇ ನನಗೆ ತುಂಬಾ ವರ್ಷ ಹಿಡಿದ ಕೆಲಸ. ಅದನ್ನು ಕಲಿತದ್ದು ಒಬ್ಬನನ್ನು ಕಳೆದುಕೊಳ್ಳುವ ಹಂತಕ್ಕೆ ಹೋಗಿ.

ನಮಗೆ ಗಾಲ್ಫ್ ಹಚ್ಚಿದವನು ಬಂಗಾರಪೇಟೆ. ಅವನ ತಂದೆ ಕೆಜಿಎಫ್ ಗಣಿಯಲ್ಲಿದ್ದರು. ಇಂಗ್ಲಿಷರು ಅಲ್ಲಿ ಗಣಿಯ ಜೊತೆಗೇ ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಮಾಡಿಕೊಂಡಿದ್ದರಲ್ಲ, ಅಲ್ಲಿ ಅಧಿಕಾರಿಗಳು ಕಳೆದುಕೊಂಡ ಚೆಂಡು ಹುಡುಕಿ ಕೊಟ್ಟು ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ ಹುಡುಗ ಇವನು. ಸಂಬಳದ ದಿನಗಳು ಬಂದಮೇಲೆ ತಾನೇ ಒಂದು ಹಳೆಯ ಸೆಟ್ಟು ಕೊಂಡ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಅವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲವಂತೆ. ಆದರೆ ಅವನ ಆಟ ನಿಲ್ಲಲಿಲ್ಲ. ನನ್ನನ್ನೂ ಮಧುಗಿರಿಯನ್ನೂ ಬೆಂಗಳೂರಿನ ಡ್ರೈವಿಂಗ್ ರೇಂಜಿಗೆ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಜಾಗ) ಎಳೆದುಕೊಂಡು ಹೋದವನು ಅವನೇ. ನಮ್ಮಿಂದ ಉಳಿದವರಿಗೆ ಹಬ್ಬಿತು.

ಮೊದಲ ವರ್ಷ ನಾನು ಮಾಡಿದ ತಪ್ಪು ದೊಡ್ಡದು. ಟಿವಿಯಲ್ಲಿ ನೋಡುವ ಹಾಗೆ ಒಟ್ಟು ಹೊಡೆತ ಎಣಿಸುವ ಆಟ ಇಟ್ಟೆ. ಯಾರು ಕಡಿಮೆ ಹೊಡೆದರೋ ಅವರು ಗೆದ್ದ ಹಾಗೆ. 72 ಪಾರ್ ಇರುವ, ಅಂದರೆ ಪಳಗಿದವರು 72 ಹೊಡೆತಕ್ಕೆ ಮುಗಿಸಬೇಕಾದ ಮೈದಾನದಲ್ಲಿ ಬಂಗಾರಪೇಟೆ 84ಕ್ಕೆ ಮುಗಿಸಿದ. ಆಟ ಕಲಿತು ಆರು ತಿಂಗಳಾಗಿದ್ದ ತಿಪಟೂರಿನವನದು 141. ಮೈದಾನದಲ್ಲಿ ಹದಿನೆಂಟು ಹೋಲ್, ಅಂದರೆ ಒಂದೊಂದು ಕುಳಿಯವರೆಗಿನ ಹದಿನೆಂಟು ಹಂತ. ಮೂರನೆಯದರಲ್ಲೇ ನೀರಿಗೆ ನಾಲ್ಕು ಚೆಂಡು ಹೋದವು. ಅಲ್ಲಿಗೇ ಅವನ ಆಟ ಮುಗಿದಿತ್ತು. ಇನ್ನೂ 15 ಹೋಲ್ ಅವನು ಬಿಸಿಲಲ್ಲಿ ನಮ್ಮ ಹಿಂದೆ ಚೀಲ ತಳ್ಳಿಕೊಂಡು ನಡೆದ, ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸ್ಕೋರು ಓದಿದೆ. ಎಲ್ಲರ ಮುಂದೆ ಜೋರಾಗಿ. ಅವನ ಮುಖ ಇನ್ನೂ ನನ್ನ ಕಣ್ಣಲ್ಲಿದೆ. ಮಾರನೇ ವರ್ಷ ಫೋನ್ ಮಾಡಿದರೆ ‘ಮನೇಲಿ ಕೆಲಸ ಇದೆ ಕಣೋ’ ಎಂದ. ಏನು ಕೆಲಸ ಎಂದು ನನಗೆ ಗೊತ್ತಿತ್ತು.

ಪರಿಹಾರ ಹೇಳಿದವನು ಬಂಗಾರಪೇಟೆಯೇ, ಸ್ಟೇಬಲ್‌ಫರ್ಡ್ ಲೆಕ್ಕ. ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ಇಂಗ್ಲಿಷ್ ವೈದ್ಯರು ಮಾಡಿದ ಪದ್ಧತಿ. 1932ರಲ್ಲಿ ವಾಲಸಿ ಕ್ಲಬ್ಬಿನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಒಂದೆರಡು ಹೋಲ್ ಕೆಟ್ಟವೆಂದು ಆಟಗಾರ ಮನಸ್ಸು ಬಿಟ್ಟು ಹೊರಡಬಾರದು ಎಂಬುದೇ ಆ ಡಾಕ್ಟರ ಉದ್ದೇಶ. ಇದರಲ್ಲಿ ಹೊಡೆತ ಕೂಡಿಸುವುದಿಲ್ಲ, ಒಂದೊಂದು ಹೋಲ್‌ಗೂ ಬೇರೆಬೇರೆಯಾಗಿ ಅಂಕ ಕೊಡುತ್ತಾರೆ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ವಿನಾಯಿತಿ) ಕಳೆದಮೇಲೆ ಪಾರ್ ಆದರೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಒಂದು ಕಡಿಮೆಯಾದರೆ 3, ಎರಡು ಕಡಿಮೆಯಾದರೆ 4. ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯಬಹುದು. ನೀರಿಗೆ ನಾಲ್ಕು ಚೆಂಡು ಹೋದರೂ ನಷ್ಟ ಆ ಒಂದು ಹೋಲ್‌ನದು ಮಾತ್ರ.

ಲೆಕ್ಕ ಅರ್ಥವಾಗದೆ ಇದನ್ನು ಬಿಟ್ಟುಬಿಡುವವರಿದ್ದಾರೆ, ಅದಕ್ಕೆ ಒಂದು ಉದಾಹರಣೆ. ತಿಪಟೂರಿನವನ ಹ್ಯಾಂಡಿಕ್ಯಾಪ್ 24 ಎಂದಿಟ್ಟುಕೊಳ್ಳಿ. ಹದಿನೆಂಟು ಹೋಲ್‌ಗೂ ಒಂದೊಂದು ಹೊಡೆತ ವಿನಾಯಿತಿ. ಉಳಿದದ್ದು 6. ಸ್ಕೋರ್ ಕಾರ್ಡಿನಲ್ಲಿ ‘ಸ್ಟ್ರೋಕ್ ಇಂಡೆಕ್ಸ್’ ಎಂಬ ಸಾಲಿರುತ್ತದೆ, ಕಷ್ಟದ ಹೋಲ್‌ನಿಂದ ಸುಲಭದ್ದಕ್ಕೆ 1ರಿಂದ 18. ಅದರಲ್ಲಿ 1ರಿಂದ 6ರವರೆಗಿನ ಹೋಲ್‌ಗಳಲ್ಲಿ ಅವನಿಗೆ ಇನ್ನೊಂದು ಹೊಡೆತ. ಅಂದರೆ ಅತಿ ಕಷ್ಟದ ಪಾರ್-4ರಲ್ಲಿ ಅವನು 6ಕ್ಕೆ ಮುಗಿಸಿದರೆ ಲೆಕ್ಕಕ್ಕೆ 4, ಅಂಕ 2. ಅದೇ ಹೋಲ್‌ನಲ್ಲಿ ಒಂದೇ ಹೊಡೆತ ವಿನಾಯಿತಿಯಿರುವ ಬಂಗಾರಪೇಟೆ 5ಕ್ಕೆ ಮುಗಿಸಿದರೂ ಅಂಕ 2. ಇಬ್ಬರೂ ಸಮ. 2016ರಲ್ಲಿ ತಿಪಟೂರನ್ನು ಒಲಿಸಿ ಕರೆತಂದೆ. ಹದಿನೇಳನೆಯ ಹೋಲ್‌ವರೆಗೂ ಅವನೇ ಮುಂದಿದ್ದ. ಆ ಸಂಜೆ ಅವನು ಮಾತಾಡಿದಷ್ಟು ಹಾಸ್ಟೆಲಿನ ನಾಲ್ಕು ವರ್ಷದಲ್ಲೂ ಮಾತಾಡಿರಲಿಲ್ಲ.

ನಮ್ಮಲ್ಲಿ ಇಬ್ಬರಿಗೆ ಮಾತ್ರ ಕ್ಲಬ್ಬಿನ ಅಧಿಕೃತ ಹ್ಯಾಂಡಿಕ್ಯಾಪ್ ಇದೆ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ, ಅದರಲ್ಲಿ ಗರಿಷ್ಠ 54. ಉಳಿದ ಆರು ಜನಕ್ಕೆ ನಾನೇ ಒಂದು ವಹಿ ಇಟ್ಟಿದ್ದೇನೆ. ಹಿಂದಿನ ಸಲದ್ದೇ ಮುಂದುವರಿಕೆ, ಗೆದ್ದವನಿಗೆ 2 ಕಡಿತ, ಕೊನೆಗೆ ಬಂದವನಿಗೆ 2 ಸೇರ್ಪಡೆ. ಇಷ್ಟೇ ಸಾಕು. ಒಂದೇ ಮನುಷ್ಯ ಎರಡು ವರ್ಷ ಸತತ ಗೆದ್ದದ್ದು ಇದುವರೆಗೆ ಒಮ್ಮೆ ಮಾತ್ರ. ದುಡ್ಡು ಕಟ್ಟಿ ಆಡುವುದನ್ನು 2016ರಲ್ಲೇ ನಿಲ್ಲಿಸಿದೆವು. ಹೋಲ್‌ಗೆ 500 ರೂಪಾಯಿಯ ಪಂದ್ಯ ಇಬ್ಬರ ನಡುವೆ ಆರು ತಿಂಗಳ ಮುನಿಸು ತಂದಿತ್ತು. ಗೆಳೆತನದ ನಡುವೆ ದುಡ್ಡಿನ ಪಂದ್ಯ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ದುಡ್ಡಿನ ಬದಲು ಬಂದದ್ದು ತಟ್ಟೆ. ಹಾಸ್ಟೆಲಿನಲ್ಲಿ ಊಟ ಮಾಡುತ್ತಿದ್ದಂಥದೇ ಸ್ಟೀಲಿನ ಊಟದ ತಟ್ಟೆ. ತುಮಕೂರಿನ ಮಂಡಿಪೇಟೆಯಲ್ಲಿ ಕೊಂಡೆ. ಮದುವೆ ಪಾತ್ರೆಗೆ ಹೆಸರು ಹಾಕಿಕೊಡುತ್ತಾರಲ್ಲ, ಅದೇ ಯಂತ್ರದಲ್ಲಿ ಪ್ರತಿ ವರ್ಷ ಇಸವಿ ಮತ್ತು ಗೆದ್ದವನ ಊರು. ಗೆದ್ದವನು ಆ ರಾತ್ರಿ ಅದರಲ್ಲೇ ಊಟ ಮಾಡಬೇಕು.

ಇನ್ನು ದಿನ ಗೊತ್ತುಮಾಡುವುದು. ಇದರಲ್ಲಿ ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ. 2015ರಲ್ಲಿ ಫೆಬ್ರುವರಿ ಮಧ್ಯಕ್ಕೆ ಇಟ್ಟೆ. ಪಂಚಾಂಗ ನೋಡಿರಲಿಲ್ಲ. ಆ ವರ್ಷ ಶಿವರಾತ್ರಿ ಫೆಬ್ರುವರಿ 17ಕ್ಕೆ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆ ಹೇಗಿರುತ್ತದೆಂದು ನೋಡಿದವರಿಗೇ ಗೊತ್ತು. ಸುತ್ತಲ ಹಳ್ಳಿಯ ಗಾಡಿಗಳೆಲ್ಲ ರಸ್ತೆಯಲ್ಲಿ. ಟೀ ಸಮಯಕ್ಕೆ, ಅಂದರೆ ಆಟ ಶುರುಮಾಡಲು ಗೊತ್ತಾದ ಹೊತ್ತಿಗೆ, ತಲುಪಿದ್ದು ಮೂರೇ ಜನ. ಶಿರಾ ಮತ್ತು ಚಿಂತಾಮಣಿ ಕಾರು ಬಿಟ್ಟು ದೇವರ ದರ್ಶನ ಮಾಡಿಕೊಂಡು ಮಧ್ಯಾಹ್ನ ಬಂದರು. ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಆ ದಿನ ಅವರು ತೆಗೆಸಿಕೊಂಡ ಫೋಟೋ ನಮ್ಮ ಗುಂಪಿನ ಒಳ್ಳೆಯ ಫೋಟೋಗಳಲ್ಲೊಂದು, ಆದರೆ ಆಟ ಹೋಯಿತು. ಶನಿವಾರ ಭಾನುವಾರವೂ ಆಗದು. ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವವರ ಸಾಲು ಬೆಳಗಿನ ಜಾವಕ್ಕೇ ಬೆಟ್ಟದ ರಸ್ತೆ ತುಂಬಿಸಿರುತ್ತದೆ. ವಾರಾಂತ್ಯದಲ್ಲಿ ಮೈದಾನದ ಶುಲ್ಕವೂ ಹೆಚ್ಚು. ಎಷ್ಟೋ ಮೈದಾನಗಳು ಸೋಮವಾರ ಹುಲ್ಲಿನ ಕೆಲಸಕ್ಕೆ ರಜೆ ಕೊಡುತ್ತವೆ. ಹೀಗಾಗಿ ಈಗ ಸಂಕ್ರಾಂತಿ ಕಳೆದ ಮಂಗಳವಾರ ಸಂಜೆ ಸೇರುವುದು, ಬುಧವಾರ ಗುರುವಾರ ಒಂದೊಂದು ಸುತ್ತು, ಶುಕ್ರವಾರ ತಿಂಡಿ ತಿಂದು ಮನೆಗೆ. ವರ್ಷದಿಂದ ವರ್ಷಕ್ಕೆ ಇದು ಬದಲಾಗುವುದಿಲ್ಲ. ಯಾರಿಗೆ ಯಾವಾಗ ಆಗುತ್ತೆ ಎಂದು ಕೇಳಲು ಹೊರಟರೆ ಎಂಟು ಜನರ ಎಂಟು ಮದುವೆ, ಗೃಹಪ್ರವೇಶ ಅಡ್ಡ ಬರುತ್ತವೆ. ಕೇಳಬಾರದು.

ಜನವರಿಯಲ್ಲಿ ಬೆಟ್ಟದ ಕೆಳಗೆ ಮಂಜು ದಟ್ಟ. ಏಳು ಗಂಟೆಗೆ ಟೀ ಮೇಲೆ, ಅಂದರೆ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ನಿಂತರೆ ಎದುರಿನ ಬೆಟ್ಟವೂ ಇಲ್ಲ, ಹೊಡೆದ ಚೆಂಡೂ ಇಲ್ಲ. ಎಂಟರ ನಂತರದ ಸಮಯವನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಮೊದಲ ಮೂರು ಹೋಲ್‌ನಲ್ಲಿ ಗ್ರೀನ್, ಅಂದರೆ ಕುಳಿಯ ಸುತ್ತಲ ನುಣುಪು ಹುಲ್ಲು, ಒದ್ದೆಯಿರುತ್ತದೆ. ಪಟ್, ಅಂದರೆ ಅಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಸ್ವಲ್ಪ ಗಟ್ಟಿಯಾಗಿ ತಳ್ಳಬೇಕು, ಹತ್ತು ಗಂಟೆ ಹೊತ್ತಿಗೆ ಅದೇ ಬಲಕ್ಕೆ ಚೆಂಡು ಕುಳಿ ದಾಟಿ ಓಡುತ್ತದೆ. ನಾಲ್ಕು ಜನರ ತಂಡಕ್ಕೆ 18 ಹೋಲ್ ಮುಗಿಯಲು ನಾಲ್ಕೂವರೆ ಗಂಟೆ. ಹಿಂದಿನವರನ್ನು ಕಾಯಿಸಬಾರದು. ಕಳೆದ ಚೆಂಡು ಹುಡುಕಲು 2019ರ ನಿಯಮದಂತೆ ಮೂರೇ ನಿಮಿಷ, ಮೊದಲು ಐದಿತ್ತು. ಸಿಗದಿದ್ದರೆ ವಾಪಸ್ ಟೀಗೆ ಹೋಗದೆ, ಚೆಂಡು ಕಳೆದ ಜಾಗದ ನೇರಕ್ಕೆ ಫೇರ್‌ವೇ (ಟೀಯಿಂದ ಗ್ರೀನಿನ ಕಡೆಗೆ ಹೋಗುವ ಕತ್ತರಿಸಿದ ಹುಲ್ಲಿನ ಹಾದಿ) ಅಂಚಿನಲ್ಲಿ ಇನ್ನೊಂದನ್ನು ಬಿಟ್ಟು ಎರಡು ಹೊಡೆತ ದಂಡ ಸೇರಿಸಿಕೊಳ್ಳುತ್ತೇವೆ. ಅದಕ್ಕೂ ನಿಯಮಪುಸ್ತಕದಲ್ಲಿ ಸ್ಥಳೀಯ ನಿಯಮದ ಅವಕಾಶವಿದೆ.

ದುಡ್ಡಿನ ಏರ್ಪಾಡು ಚಿಂತಾಮಣಿಯದು, ಅವನು ಬ್ಯಾಂಕಿನವನು. ಎಲ್ಲರೂ ಫೆಬ್ರುವರಿಯಿಂದಲೇ ತಿಂಗಳಿಗೆ 1,500 ಆರ್.ಡಿ. ಕಟ್ಟುತ್ತೇವೆ. ಡಿಸೆಂಬರಿಗೆ ಹನ್ನೊಂದು ಕಂತು ಮುಗಿದಿರುತ್ತದೆ. ಪ್ರವಾಸದ ಸಮಯಕ್ಕೆ ಜೇಬಿನಿಂದ ಯಾರೂ ಏನೂ ತೆಗೆಯುವುದಿಲ್ಲ, ಯಾರಿಗೆ ಸಂಬಳ ಎಷ್ಟು, ಯಾರಿಗೆ ಪಿಂಚಣಿ ಎಷ್ಟು ಎಂಬುದು ಅಡ್ಡ ಬರುವುದಿಲ್ಲ. ಕ್ಯಾಡಿಗಳಿಗೆ, ಅಂದರೆ ನಮ್ಮ ಚೀಲ ಹೊತ್ತು ಜೊತೆಗೆ ಬರುವವರಿಗೆ, ಕೊಡುವ ಹಣವನ್ನು ಮೊದಲೇ ಲಕೋಟೆಗೆ ಹಾಕಿ ಇಡುತ್ತೇನೆ. ಆಟ ಕೆಟ್ಟ ದಿನವೂ ಅದು ಕಡಿಮೆಯಾಗಬಾರದು.

ಕ್ಯಾಡಿಗಳೆಲ್ಲ ಅಕ್ಕಪಕ್ಕದ ಹಳ್ಳಿಯ ಹುಡುಗರು. ನಮ್ಮೊಡನೆ ಕನ್ನಡ, ತಮ್ಮತಮ್ಮಲ್ಲಿ ತೆಲುಗು. ‘ಸಾರ್, ಸಪಾಟಾಗಿ ಕಾಣ್ತದೆ, ಆದ್ರೆ ಬೆಟ್ಟದ ಕಡೆಯಿಂದ ಕೆರೆ ಕಡೆಗೆ ಎಳೀತದೆ’ ಎನ್ನುತ್ತಾನೆ ಒಬ್ಬ. ಅವನ ಮಾತು ಕೇಳದೆ ನೇರ ಹೊಡೆದಾಗಲೆಲ್ಲ ನಾನು ತಪ್ಪಿದ್ದೇನೆ. ಬಿಡದಿ ಹತ್ತಿರದ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಏಷ್ಯನ್ ಟೂರ್ ಎಂಬ ವೃತ್ತಿಪರ ಗಾಲ್ಫ್ ಸರಣಿಯವರೆಗೆ ಹೋದ ಕಥೆ ಈ ಹುಡುಗರಿಗೆಲ್ಲ ಬಾಯಿಪಾಠ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದ ಮರುವರ್ಷ ಒಬ್ಬ ಕ್ಯಾಡಿ ತನ್ನ ತಂಗಿಗೂ ಕ್ಲಬ್ ಹಿಡಿಯುವುದು ಹೇಳಿಕೊಡುತ್ತಿದ್ದೇನೆ ಎಂದ. ಆ ದಿನ ನನಗಾದ ಖುಷಿ ಸ್ಕೋರಿನದಲ್ಲ.

ಉಳಿಯುವುದು ಬಳ್ಳಾಪುರದ ದ್ರಾಕ್ಷಿ ತೋಟದ ಮನೆಯಲ್ಲಿ. ರೆಸಾರ್ಟ್ ನೋಡಿದ್ದೆವು. ಒಂದು ವರ್ಷ ಇದ್ದೂ ನೋಡಿದೆವು. ರಾತ್ರಿ ಹತ್ತಕ್ಕೆ ಎಲ್ಲ ತಮ್ಮತಮ್ಮ ಕೋಣೆ ಸೇರಿಕೊಂಡರು, ಮಾತೇ ಆಗಲಿಲ್ಲ. ತೋಟದ ಮನೆಯಲ್ಲಿ ಹಾಲ್‌ನಲ್ಲಿ ಎಂಟು ಹಾಸಿಗೆ. ಅವರಮ್ಮನಿಗೆ ಈಗ ಎಂಬತ್ತೈದು ದಾಟಿದೆ. ಅವರೇಕಾಯಿ ಕಾಲ, ನಾವು ಬರುವ ಹೊತ್ತಿಗೆ ಹಿತಕಿದ ಬೇಳೆ ಸಾರು, ಮುದ್ದೆ ಸಿದ್ಧ. ಮಧುಗಿರಿಯವನು ಹುರಿದ ಕಡಲೇಕಾಯಿ ತರುತ್ತಾನೆ, ತಿಪಟೂರಿನವನು ಎಳನೀರು. ಆಟದ ನಡುವೆ ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೇಕಾಯಿ, ಅಷ್ಟೇ. ಮುದ್ದೆ ಊಟ ಸುತ್ತು ಮುಗಿದಮೇಲೆ. ಉಂಡು ಆಡಿದರೆ ಸೊಂಟ ತಿರುಗುವುದಿಲ್ಲ.

ಆ ಅಮ್ಮ ಮೊದಲ ವರ್ಷವೇ ಒಂದು ಪ್ರಶ್ನೆ ಕೇಳಿದ್ದರು. ‘ಅಲ್ಲಪ್ಪಾ, ನಮ್ಗೆ ಸಾವಿರ ಅಡಿ ಕೊರೆದ್ರೂ ನೀರಿಲ್ಲ. ಅಷ್ಟಗಲ ಹುಲ್ಗೆ ನೀರು ಎಲ್ಲಿಂದ ತರ್ತಾರೆ?’ ಅದು ತಪ್ಪಿಸಿಕೊಳ್ಳುವ ಪ್ರಶ್ನೆಯಲ್ಲ. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೂ, ಹೆಬ್ಬಾಳ-ನಾಗವಾರ ಕಣಿವೆಯಿಂದ ಇಲ್ಲಿನ ಕೆರೆಗಳಿಗೂ ಹರಿಸುತ್ತಿದ್ದಾರೆ. ಆ ನೀರು ಎಷ್ಟು ಶುದ್ಧ ಎಂಬ ಜಗಳ ರೈತರಲ್ಲಿ ಇನ್ನೂ ಮುಗಿದಿಲ್ಲ. ಗಾಲ್ಫ್ ಹುಲ್ಲು ಸಂಸ್ಕರಿಸಿದ ನೀರಿನಲ್ಲೇ ಬದುಕಬೇಕು, ಕೊಳವೆಬಾವಿಗೆ ಕೈ ಹಾಕಬಾರದು ಎಂದು ನಾನು ನಂಬುತ್ತೇನೆ. ಬುಕ್ ಮಾಡುವಾಗ ಮೈದಾನದವರನ್ನು ಈ ಪ್ರಶ್ನೆ ಪ್ರತಿ ವರ್ಷ ಕೇಳುತ್ತೇನೆ. ಆಡುವವರು ಕೇಳದಿದ್ದರೆ ಇನ್ಯಾರು ಕೇಳಬೇಕು?

ಈಗ ಮಾಲೂರಿನವನ ವಿಷಯ.

2022ರ ಮಳೆಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಜೀವಕ್ಕೆ ಅಪಾಯ ತಪ್ಪಿತು, ಮೂರು ತಿಂಗಳಲ್ಲಿ ಊರುಗೋಲು ಹಿಡಿದು ನಡೆದ. ಬಲಗೈ ಮಾತ್ರ ಹಿಡಿತಕ್ಕೆ ಬರಲಿಲ್ಲ. ನವೆಂಬರಿನಲ್ಲಿ ನಮ್ಮ ವಾಟ್ಸಾಪ್ ಗುಂಪಿಗೆ ಅವನ ಸಂದೇಶ ಬಂತು. ‘ಈ ಸಲ ನೀವು ಏಳು ಜನ ಹೋಗ್ಬನ್ನಿ. ನನ್ನ ಆರ್.ಡಿ. ದುಡ್ಡು ಗುಂಪಿಗೇ ಇರಲಿ.’ ಯಾರೂ ಉತ್ತರ ಬರೆಯಲಿಲ್ಲ. ಏನು ಬರೆಯುವುದು?

ಆ ಭಾನುವಾರ ಮಾಲೂರಿಗೆ ಹೋದೆ. ‘ಸುಮ್ನೆ ಬಾರೋ, ಬಗ್ಗಿಯಲ್ಲಿ ಕೂತ್ಕೊಂಡಿರು’ ಎಂದೆ. ಅವನು ನನ್ನನ್ನೇ ನೋಡಿ ‘ಕೂತ್ಕೊಂಡು ನೋಡೋಕೆ ಟಿವಿ ಇದೆ ಕಣೋ ಮನೇಲಿ’ ಎಂದ. ಸರಿಯಾಗಿಯೇ ಹೇಳಿದ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ತಿಪಟೂರಿನವನ ಮುಖ ನೆನಪಾಯಿತು.

ಆಗ ಹೊಳೆದದ್ದು ಸ್ಕ್ರ್ಯಾಂಬಲ್. ನಾಲ್ಕು ಜನ ಒಂದು ತಂಡ. ಎಲ್ಲರೂ ಹೊಡೆಯುತ್ತಾರೆ, ಅದರಲ್ಲಿ ಒಳ್ಳೆಯ ಜಾಗದ ಚೆಂಡು ಆರಿಸಿ, ಎಲ್ಲರೂ ಅಲ್ಲಿಂದಲೇ ಮುಂದಿನ ಹೊಡೆತ. ಕುಳಿ ಸೇರುವ ತನಕ ಹೀಗೇ. ಒಬ್ಬ ಟೀ ಹೊಡೆಯದಿದ್ದರೂ ತಂಡ ನಿಲ್ಲುವುದಿಲ್ಲ. ಇನ್ನೊಂದು ಲೆಕ್ಕ ನೋಡಿ. ಯಾವುದೇ ಹೋಲ್‌ನ ಪಾರ್‌ನಲ್ಲಿ ಎರಡು ಹೊಡೆತ ಪಟ್‌ಗೆಂದೇ ಸೇರಿರುತ್ತದೆ. 72ರಲ್ಲಿ 36 ಪಟ್! ಆಟದ ಅರ್ಧ ಗ್ರೀನ್ ಮೇಲೆ. ಪಟ್‌ಗೆ ಬಲ ಬೇಕಿಲ್ಲ, ಎಡಗೈ ಒಂದೇ ಸಾಕು. ರಾತ್ರಿಯೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಕುಳಿ ಎಷ್ಟಗಲ ಇರುತ್ತೆ, ಸರಿಯಾಗಿ ಹೇಳು’ ಎಂದ. 108 ಮಿಲಿಮೀಟರ್ ಎಂದೆ.

ಅವನ ಹೆಂಡತಿ ಆಮೇಲೆ ಹೇಳಿದರು. ಮಾರನೇ ದಿನವೇ ಅಡುಗೆಮನೆಯಿಂದ ಒಂದೊಂದೇ ಚೊಂಬು ತರಿಸಿ, ಸ್ಕೇಲ್ ಇಟ್ಟು ಬಾಯಿ ಅಳೆದು ಒಂದನ್ನು ಆರಿಸಿಕೊಂಡನಂತೆ. ಹಜಾರದ ಜಮಖಾನದ ತುದಿಗೆ ಅದನ್ನು ಮಲಗಿಸಿ ದಿನಾ ಬೆಳಗ್ಗೆ ನೂರು, ಸಂಜೆ ನೂರು. ಎರಡು ತಿಂಗಳು. ಫಿಸಿಯೋಥೆರಪಿಗೆ ಹೋಗಲು ಬೇಸರ ಮಾಡುತ್ತಿದ್ದವನು ಇದಕ್ಕೆ ಒಂದು ದಿನವೂ ತಪ್ಪಿಸಲಿಲ್ಲವಂತೆ.

2023ರ ಜನವರಿಯಲ್ಲಿ ಬುಧವಾರದ ಸುತ್ತು ಎಂದಿನ ಹಾಗೆ, ಗುರುವಾರ ಸ್ಕ್ರ್ಯಾಂಬಲ್ ಎಂದು ಇಟ್ಟೆ. ತಂಡ ಮಾಡುವ ಕ್ರಮ ಹೀಗೆ: ಹ್ಯಾಂಡಿಕ್ಯಾಪ್ ಪ್ರಕಾರ ಎಂಟು ಜನರನ್ನು ಸಾಲಾಗಿ ಬರೆದು 1, 4, 5, 8 ಒಂದು ಕಡೆ, 2, 3, 6, 7 ಇನ್ನೊಂದು ಕಡೆ. ಎರಡೂ ಕಡೆ ಕೂಡಿದರೆ 18. ತಂಡದ ಹ್ಯಾಂಡಿಕ್ಯಾಪ್‌ಗೆ ಕಡಿಮೆಯಿರುವವನದು ನೂರಕ್ಕೆ 25, ಮುಂದಿನವನದು 20, ಆಮೇಲೆ 15, 10. ಉದಾಹರಣೆಗೆ 12, 20, 24, 30 ಇದ್ದರೆ 3, 4, 3.6, 3 ಕೂಡಿ 13.6, ಅಂದರೆ 14. ಅದೇ ಜನವರಿ 1ರಿಂದ ಹೊಸ ನಿಯಮಪುಸ್ತಕ ಜಾರಿಗೆ ಬಂದಿತ್ತು. ಅಂಗವೈಕಲ್ಯವಿರುವ ಆಟಗಾರರಿಗೆ ಬೇಕಾದ ಮಾರ್ಪಾಡುಗಳನ್ನು ಅದರಲ್ಲಿ 25ನೇ ನಿಯಮವಾಗಿ ಮುಖ್ಯ ಪಠ್ಯದೊಳಗೇ ಸೇರಿಸಿದ್ದಾರೆ. ಅದರ ಪ್ರತಿ ಮುದ್ರಿಸಿ ಮಾಲೂರಿನವನ ಕೈಗೆ ಕೊಟ್ಟೆ. ಅವನು ಓದಿ ಮಡಚಿ ಜೇಬಿಗೆ ಇಟ್ಟುಕೊಂಡ. ಯಾರದೋ ದಾಕ್ಷಿಣ್ಯಕ್ಕೆ ಆಡುತ್ತಿಲ್ಲ ಎಂಬುದು ಅವನಿಗೆ ಮುಖ್ಯವಾಗಿತ್ತು.

ಮೊದಲ ಆರು ಹೋಲ್ ಅವನಿಗೆ ನಾವು ಮೊದಲ ಪಟ್ ಕೊಟ್ಟೆವು. ಗೌರವ ಎಂದುಕೊಂಡಿದ್ದೆವು. ಏಳನೆಯ ಗ್ರೀನಿನಲ್ಲಿ ಅವನು ಊರುಗೋಲು ಕ್ಯಾಡಿಗೆ ಕೊಡುತ್ತಾ, ‘ನನ್ನನ್ನ ಕೊನೆಗೆ ಬಿಡ್ರೋ. ಮೂರು ಚೆಂಡು ಹೇಗೆ ತಿರುಗುತ್ತೆ ಅಂತ ನೋಡಿದ್ಮೇಲೆ ನಾನು ಹೊಡೀತೀನಿ’ ಎಂದ. ನಾವು ಮೂವರೂ ತಪ್ಪಿದೆವು, ಒಂದು ಎಡಕ್ಕೆ, ಎರಡು ಬಲಕ್ಕೆ. ಅವನು ಎಡಗೈಯಲ್ಲಿ ಪಟರ್ ಹಿಡಿದು, ಕಾಲು ನಿಲ್ಲಿಸಿಕೊಳ್ಳಲು ಅರ್ಧ ನಿಮಿಷ ತೆಗೆದುಕೊಂಡ. ಸುಮಾರು ಹನ್ನೆರಡು ಅಡಿ. ಚೆಂಡು ಬೆಟ್ಟದ ಕಡೆಯಿಂದ ನಿಧಾನವಾಗಿ ತಿರುಗಿ ಕುಳಿಯ ಅಂಚಿಗೆ ಬಂದು, ಒಳಗೆ ಬಿತ್ತು. ಆ ಕ್ಯಾಡಿ ಹುಡುಗ ಕೂಗಿದ್ದು ಪಕ್ಕದ ಫೇರ್‌ವೇಗೂ ಕೇಳಿಸಿರಬೇಕು.

ಆ ದಿನ ನಮ್ಮ ತಂಡ ಒಂದು ಹೊಡೆತದಿಂದ ಸೋತಿತು. ಅಲ್ಲಿಂದ ಗುರುವಾರದ ಸ್ಕ್ರ್ಯಾಂಬಲ್ ಖಾಯಂ ಆಗಿದೆ, ತಟ್ಟೆಯೂ ಅದಕ್ಕೇ. ಮಾಲೂರಿನವನ ಪಟ್ ಯಾವಾಗಲೂ ಕೊನೆಗೆ, ಅವನು ಯಾವ ತಂಡದಲ್ಲಿದ್ದರೂ. 2024ಕ್ಕೆ ಅವನು ಒಂದು ವೆಜ್ (ಚೆಂಡನ್ನು ಎತ್ತಿ ಹಾಕುವ ಕ್ಲಬ್) ತಂದ, ಗ್ರೀನಿನ ಅಂಚಿನಿಂದ ಹತ್ತು ಗಜದ ಚಿಪ್, ಅಂದರೆ ಚಿಕ್ಕ ಹೊಡೆತ, ಎಡಗೈಯಲ್ಲೇ. 2025ರಲ್ಲಿ ಅವನ ತಂಡ ಗೆದ್ದಿತು. ಮಂಡಿಪೇಟೆಯ ಅಂಗಡಿಯವರು ತಟ್ಟೆ ತಿರುಗಿಸಿ ನೋಡಿ, ‘ನಡುವೆ ಜಾಗ ಮುಗೀತು ಸಾರ್, ನಾಲ್ಕು ಊರು ಅಂದ್ರೆ ಅಂಚಿಗೆ ಹಾಕ್ಬೇಕಾಗ್ತದೆ’ ಎಂದರು. ಅಂಚಿಗೇ ಹಾಕಿಸಿದೆ.

2026ಕ್ಕೆ ಜನವರಿ 20 ಮಂಗಳವಾರ ಎಂದು ಗೊತ್ತುಮಾಡಿದ್ದೇನೆ. ಮೊನ್ನೆ ಮಾಲೂರಿನವನು ಫೋನ್ ಮಾಡಿ, ಕೊನೆಯ ಒಂಬತ್ತು ಹೋಲ್‌ಗಳಲ್ಲಿರುವ ಚಿಕ್ಕ ಪಾರ್-3ರ ಮುಂದಿನ ಟೀಯಿಂದ ಗ್ರೀನಿಗೆ ಎಷ್ಟು ಗಜ ಎಂದು ಕೇಳಿದ. ಯಾಕೋ ಎಂದೆ. ‘ಅಲ್ಲಿ ಟೀ ನಾನೂ ಹೊಡೀತೀನಿ, ಬರ್ಕೋ’ ಎಂದ. ತಂಡದ ಹಾಳೆಯಲ್ಲಿ ಆ ಹೋಲ್‌ನ ಎದುರಿಗೆ ಅವನ ಊರು ಬರೆದುಕೊಂಡೆ.